ನಾನು ಕಲಿತ ಒಂದು ಪಾಠ

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ,

ಇಪ್ಪತ್ತು ವರ್ಷಗಳಿಂದ ಆರೋಗ್ಯಶಾಸ್ತ್ರವನ್ನು ಬೋಧಿಸುತ್ತಿರುವ ನಾನು, ಅದೇ ಶಾಸ್ತ್ರದಲ್ಲಿ ತಪ್ಪಿದ ಒಂದು ಸಂಗತಿಯನ್ನು ನಿಮಗೆ ಅರಿಕೆ ಮಾಡಬೇಕೆಂದಿರುವೆನು.

ಕೊಂಕಲ್ ಗ್ರಾಮದಿಂದ ಬಂದು ನಮ್ಮಲ್ಲಿ ಓದಿದ ಹುಡುಗಿಯೊಬ್ಬಳು ಪ್ರಾಯಕ್ಕೆ ಬಂದ ಮೇಲೆ ತನ್ನ ಸೋದರಮಾವನನ್ನೇ ಮದುವೆಯಾದಳು. ಮುಂದೆ ಒಂದು ದಿನ ಮೂರು ವರ್ಷದ ಮಗನನ್ನು ಎತ್ತಿಕೊಂಡು ನನ್ನಲ್ಲಿಗೆ ಬಂದಳು. ಮಗುವು ಕಡ್ಡಿಯಂತಾಗಿತ್ತು. ಕುತ್ತಿಗೆಯಲ್ಲಿ ಗಡ್ಡೆ ಕೊಯ್ದ ಕಲೆ. ಮೇಲಿಂದ ಮೇಲೆ ಕೀವು, ಜ್ವರ. ತಿಂಗಳುಗಟ್ಟಲೆ ರಕ್ತ ಬೆರೆತ ಭೇದಿ. “ನೀರು ಕುದಿಸುವುದನ್ನು ಮರೆತೆಯಾ? ಕೈ ತೊಳೆಯದೆ ಉಣಿಸುವೆಯಾ?” ಎಂದು ನಾನು ಗದರಿಸಿದೆನು.

“ಅಕ್ಕೋರೇ, ಕುದಿಸೇ ಕುಡಸ್ತೀನ್ರೀ. ನೀವು ಹೇಳಿದ್ದು ಮರೆತಿಲ್ರೀ” ಎಂದಳು. ನಾನು ನಂಬಲಿಲ್ಲ. ಮನೆಯವರು ಅವಳ ಹಾಲನ್ನು ದೂರಿದ್ದರು. ನಾನು ಅವಳ ಕೈಯನ್ನು ದೂರಿದೆನು.

ಕೆಲವು ತಿಂಗಳ ಮೇಲೆ ಬೆಂಗಳೂರಿನ ವೈದ್ಯರು ರಕ್ತಪರೀಕ್ಷೆ ಮಾಡಿ ರೋಗದ ಹೆಸರು ಹೇಳಿದರು: ಕ್ರಾನಿಕ್ ಗ್ರಾನ್ಯುಲೊಮೇಟಸ್ ಡಿಸೀಸ್. ನಮ್ಮ ರಕ್ತದ ಕೆಲವು ಬಿಳಿಯ ಕಣಗಳು ಕ್ರಿಮಿಗಳನ್ನು ನುಂಗಿ, ಆಮ್ಲಜನಕದಿಂದ ತೀಕ್ಷ್ಣವಾದ ರಾಸಾಯನಿಕಗಳನ್ನು ಹುಟ್ಟಿಸಿ ಅವುಗಳನ್ನು ಕೊಲ್ಲುತ್ತವೆ. ಈ ಮಕ್ಕಳ ಕಣಗಳು ನುಂಗಬಲ್ಲವು. ಆದರೆ ಕೆಲವು ಬ್ಯಾಕ್ಟೀರಿಯಾಗಳನ್ನೂ ಬೂಷ್ಟುಗಳನ್ನೂ ಕೊಲ್ಲಲಾರವು. ಆದಕಾರಣ ಕೀವುಗಡ್ಡೆಗಳು ಏಳುತ್ತವೆ. ಅದೇ ರಾಸಾಯನಿಕಗಳು ಉರಿಯೂತವನ್ನು ತಣಿಸುವುದಕ್ಕೂ ಬೇಕು. ಅವಿಲ್ಲದೆ, ಸೋಂಕು ಇಲ್ಲದಿರುವಾಗಲೂ ಕರುಳು ಬಾತು, ಹುಣ್ಣಾಗಿ, ರಕ್ತ ಸುರಿಸಬಹುದು. ನೀರನ್ನು ಎಷ್ಟು ಕುದಿಸಿದರೂ ಆ ಉರಿಯು ಆರದು.

ಅನೇಕ ಕುಟುಂಬಗಳಲ್ಲಿ ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ಇಳಿಯುತ್ತದೆ. ಇವರ ಮನೆಯಲ್ಲಾದರೋ ಗಂಡಹೆಂಡಿರಿಬ್ಬರೂ, ತಾವು ಆರೋಗ್ಯದಿಂದಿದ್ದೇ, ಒಂದೇ ಜೀನಿನ ದೋಷವನ್ನು ಹೊತ್ತಿದ್ದರು. ಅಂಥವರ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ 4ರಲ್ಲಿ 1. ರಕ್ತಸಂಬಂಧದ ಮದುವೆಯಲ್ಲಿ ಅಂಥ ಜೋಡಿ ಕೂಡುವ ಸಂಭವ ಹೆಚ್ಚು. ಹೆಣ್ಣುಮಕ್ಕಳಿಗೆ ಸಂಬಂಧ ನೋಡುವ ಪೋಷಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕಾಗಿ ಬೇಡುತ್ತೇನೆ.

1950ರ ದಶಕದಲ್ಲಿ ಈ ರೋಗವನ್ನು ಮೊದಲು ವರ್ಣಿಸಿದ ವೈದ್ಯರು ಇದನ್ನು ಮಾರಕವೆಂದೇ ಕರೆದರು. ಈಗ ಹಾಗಲ್ಲ. ದಿನವೂ ಕೋಟ್ರೈಮಾಕ್ಸಜೋಲ್, ಬೂಷ್ಟಿಗಾಗಿ ಇಟ್ರಾಕೊನಜೋಲ್ ಕೊಡುತ್ತಾರೆ; ತಿಪ್ಪೆ, ಕೊಳೆತ ಹುಲ್ಲುಗಳ ಬಳಿಗೆ ಮಗುವನ್ನು ಬಿಡಬಾರದು. ಹೊಂದುವ ದಾನಿ ದೊರೆತರೆ ಅಸ್ಥಿಮಜ್ಜೆಯ ಕಸಿಯಿಂದ ವಾಸಿಯಾಗುವುದೂ ಉಂಟು. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯಲ್ಲಿ ಈ ರೋಗವು ಸೇರಿದೆ. 2022ರಲ್ಲಿ ಸಹಾಯಧನದ ಮಿತಿಯನ್ನು 50 ಲಕ್ಷ ರೂಪಾಯಿಗಳಿಗೆ ಏರಿಸಿದರು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯು ಅದಕ್ಕೆ ನೇಮಿತವಾದ ಕೇಂದ್ರಗಳಲ್ಲೊಂದು.

ನಾನು ಕೊಂಕಲ್‌ಗೆ ಹೋಗಿ ಆ ತಾಯಿಯ ಕ್ಷಮೆ ಬೇಡಿದೆನು. ಅವಳು ನನಗೆ ಕುಡಿಯಲು ನೀರು ಕೊಟ್ಟಳು. ಅದು ಕುದಿಸಿ ಆರಿಸಿದ ನೀರೇ ಆಗಿತ್ತು. ಮಗುವಿನ ಅಕ್ಕನ ಮಜ್ಜೆಯು ಹೊಂದುವುದೋ ಇಲ್ಲವೋ ಎಂಬ ಪರೀಕ್ಷೆಯ ಉತ್ತರಕ್ಕಾಗಿ ಅವರು ಕಾದಿದ್ದಾರೆ. ಅವರೊಡನೆ ನಾನೂ ಕಾದಿದ್ದೇನೆ. ಇಂದಿಗೂ ತರಗತಿಯಲ್ಲಿ ನೀರು ಕುದಿಸಿರೆಂದೇ ಹೇಳುತ್ತೇನೆ. ಆದರೆ ಕಾಯಿಲೆಯ ಮಗುವನ್ನು ಕಂಡಾಗ ತಾಯಿಯನ್ನು ಗದರಿಸುವ ಮುನ್ನ ಅವಳ ಮಾತನ್ನು ಕೇಳಿರೆಂಬುದನ್ನೂ ಈಗ ಆ ಪಾಠಕ್ಕೆ ಸೇರಿಸಿದ್ದೇನೆ.

ನಿಮ್ಮ ಹಿತಚಿಂತಕಳು,
ಮುಖ್ಯೋಪಾಧ್ಯಾಯಿನಿ