ಸೊಪ್ಪು ಕೈಕೊಟ್ಟ ವರ್ಷದ ಮದುವೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಜೋಯಿಸರು ಪಂಚಾಂಗ ಬಿಚ್ಚುವ ಮೊದಲೇ ಮದುವೆಯ ತಿಂಗಳನ್ನು ಹೊಗೆಸೊಪ್ಪು ಗೊತ್ತುಮಾಡಿರುತ್ತದೆ. ಬೇಲು ಹರಾಜು ಕಟ್ಟೆಗೆ ಹೋಗಿ ದುಡ್ಡು ಬಂದಮೇಲೆ ಲಗ್ನ. ನನ್ನ ಮಗಳ ಮದುವೆಯನ್ನು 2020ರ ಫೆಬ್ರವರಿಗೆ ಇಟ್ಟುಕೊಂಡದ್ದೂ ಹಾಗೆಯೇ. ಆದರೆ 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಹೊಳೆ ಉಕ್ಕಿತು. ಹೊಲದಲ್ಲಿ ನೀರು ನಿಂತು ಗಿಡ ಕೊಳೆಯಿತು. ಉಳಿದ ಎಲೆಗೆ ಸೊಪ್ಪು ಹದಮಾಡುವ ಬ್ಯಾರನ್‌ನಲ್ಲಿ ಎಷ್ಟು ಸೌದೆ ಉರಿಸಿದರೂ ಬಣ್ಣ ಬರಲಿಲ್ಲ, ಕಟ್ಟೆಯಲ್ಲಿ ಲೋ ಗ್ರೇಡ್ ಆಯಿತು. ಹರಾಜಿನ ಹಣ ಕೈಗೆ ಬರುವುದಿಲ್ಲ, ಖಾತೆಗೆ ಹೋಗುತ್ತದೆ. ಬ್ಯಾಂಕು ಬೆಳೆ ಸಾಲ ಮುರಿದುಕೊಂಡು ಮಿಕ್ಕಿದ್ದನ್ನು ಬಿಡುತ್ತದೆ. ನಮಗೆ ಮಿಕ್ಕಿದ್ದು ಚಪ್ಪರ, ವಾಲಗಕ್ಕಾಗುವಷ್ಟು.

ಆಗಷ್ಟೇ ಮುಜರಾಯಿ ಇಲಾಖೆಯ ‘ಸಪ್ತಪದಿ’ ಸಾಮೂಹಿಕ ಮದುವೆಯ ಸುದ್ದಿ ಬಂದಿತ್ತು. ಹೆಣ್ಣಿಗೆ 10,000, ಗಂಡಿಗೆ 5,000, ಮೇಲೆ 40,000 ರೂಪಾಯಿಯ 8 ಗ್ರಾಂ ತಾಳಿ. ನಾನು ಬಾಯಿಬಿಟ್ಟದ್ದೇ ತಡ, ಯಜಮಾನರು ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ನಡೆದಿಲ್ಲವೇ ಎಂದರೆ, ‘ಗತಿಯಿಲ್ಲದವರ ಸಾಲಿಗೆ ನನ್ನ ಮಗಳನ್ನ ನಿಲ್ಲಿಸ್ತೀಯಾ’ ಎಂದು ಎರಡು ದಿನ ಮಾತೇ ಆಡಲಿಲ್ಲ.

ಸರಿ, ಖರ್ಚು ಇಳಿಸಲು ಪೇಟೆಯ ಕಲ್ಯಾಣ ಮಂಟಪ ಬಿಟ್ಟೆವು. ಚಿನ್ನ ಗ್ರಾಂಗೆ ₹4,000ದ ಆಸುಪಾಸಿತ್ತು. ನನ್ನ ಎರಡೆಳೆ ಸರ ಕರಗಿಸಿದೆ. ಇವೆಲ್ಲ ಸಲೀಸು.

ಕಷ್ಟವಾದದ್ದು ಬೀಗರೂಟ. ಧಾರೆಯ ದಿನ ಪಾಯಸದೂಟ ಹೇಗಿದ್ದರೂ ನಡೆಯುತ್ತದೆ, ಬಾಡಿನಲ್ಲಿ ಕಡಿಮೆಯಾದರೆ ತಲೆಮಾರು ಆಡಿಕೊಳ್ಳುತ್ತಾರೆ. ಮಟನ್ನು ಆಗ ಕಿಲೋಗೆ ₹600ರ ಹತ್ತಿರವಿತ್ತು. ಮುಯ್ಯಿ ಪುಸ್ತಕ ತೆಗೆದು ನೋಡಿದರೆ ಯಾರನ್ನು ಬಿಡುವುದು? ಒಂದೊಂದು ಹೆಸರೂ ಒಂದೊಂದು ಸಾಲ. ನಾವು ಅವರ ಮನೆಯಲ್ಲಿ ಉಂಡಿದ್ದೇವೆ, ಅವರು ಇಲ್ಲಿ ಉಣ್ಣಬೇಕು. ಸಂಘದಲ್ಲಿ ಸಾಲ ಎತ್ತೋಣ ಎಂದರು ಮೈದುನ. ವಾರವಾರದ ಕಂತಿಗೆ ತಲೆಮರೆಸಿಕೊಂಡ ಹೆಂಗಸರನ್ನು ನೋಡಿದ್ದ ನಾನು ಒಪ್ಪಲಿಲ್ಲ. ಆ ತಿಂಗಳು ರಾತ್ರಿ ನಿದ್ದೆ ಎಂಬುದಿರಲಿಲ್ಲ.

ಕೊನೆಗೆ ಯಜಮಾನರಿಗೆ ಹೇಳದೆ ಪಿರಿಯಾಪಟ್ಟಣದ ಬಸ್ಸು ಹತ್ತಿ ಬೀಗತಿಯ ಮನೆಗೆ ಹೋದೆ. ಹೆಣ್ಣಿನ ಕಡೆಯವಳು ಹೀಗೆ ಒಬ್ಬಳೇ ಹೋಗುವುದು ಮರ್ಯಾದೆಯಲ್ಲವಂತೆ, ಇರಲಿ. ಎರಡು ಮನೆಗೂ ಸೇರಿ ಒಂದೇ ಬೀಗರೂಟ ಮಾಡೋಣ, ಖರ್ಚು ಅರ್ಧರ್ಧ ಎಂದೆ. ಆಕೆ ಸುಮ್ಮನೆ ಕಾಫಿ ಕಾಯಿಸಿ ತಂದಳು. ಲೋಟ ಕೊಡುತ್ತಾ, ‘ನಮ್ಮ ಸೊಪ್ಪೂ ಅದೇ ನೀರಲ್ಲಿ ಹೋಯ್ತು ಕಣಕ್ಕ. ನಿಮ್ಮ ಕಡೆಯೋರು ಏನಂದ್ಕೋತಾರೋ ಅಂತ ಮನೆಯವ್ರು ಕೈಸಾಲಕ್ಕೆ ಓಡಾಡ್ತಾ ಅವ್ರೆ’ ಎಂದಳು. ನಾವು ಅವರಿಗೆ, ಅವರು ನಮಗೆ ಹೆದರಿಕೊಂಡು ಅಷ್ಟು ದಿನ ಕಳೆದಿದ್ದೆವು. ಗಂಡಸರನ್ನು ಒಪ್ಪಿಸುವುದು ಇಬ್ಬರ ಪಾಲಿಗೂ ಬಿತ್ತು. ನನ್ನವರು ಕೂಗಾಡಿದರು, ಆಮೇಲೆ ಒಪ್ಪಿದರು.

ಊರ ಗುಡಿಯಲ್ಲಿ ಧಾರೆ, ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ. ಹಿತ್ತಲ ಅವರೆಕಾಳಿನ ಸಾರು, ಪಾಯಸ. ಅಡುಗೆಗೆ ಓಣಿಯ ಹೆಂಗಸರು. ಬೀಗರೂಟ ಬೀಗರ ತೋಟದಲ್ಲಾಯಿತು. ಎರಡೂ ಕಡೆಯ ಪಟ್ಟಿ ಕತ್ತರಿಸಿ ಹತ್ತಿರದ ನೆಂಟರನ್ನಷ್ಟೇ ಕರೆದೆವು. ಬಂದ ಮುಯ್ಯಿಯಿಂದ ಚಪ್ಪರದವನ, ಪಾತ್ರೆಯವನ ಬಾಕಿ ತೀರಿತು. ಮುಂದಿನ ತಿಂಗಳು ಲಾಕ್‌ಡೌನ್ ಬಂತು. ಕೈಸಾಲವಿದ್ದಿದ್ದರೆ ಬಡ್ಡಿ ಕಟ್ಟುವುದಕ್ಕೆ ದಾರಿಯಿರಲಿಲ್ಲ. ಕೆ.ಆರ್. ನಗರದ ದಾಯಾದಿಗಳು ಮಾತ್ರ ಬಾಡೂಟಕ್ಕೆ ಕರೆಯಲಿಲ್ಲವೆಂದು ಇವತ್ತಿಗೂ ಮಾತಾಡಿಸುವುದಿಲ್ಲ. ಅವರ ಮಗನ ಮದುವೆಗೆ ನಮಗೆ ಪತ್ರಿಕೆ ಬರಲಿಲ್ಲ. ಮುಯ್ಯಿಯನ್ನು ಬೇರೆಯವರ ಕೈಯಲ್ಲಿ ಕಳಿಸಿದೆವು, ಇಟ್ಟುಕೊಂಡರು.