ಬೀರುವಿನೊಳಗಿನ ಸಮನ್ಸ್

ಕಳೆದ ತಿಂಗಳು ಮಗನಿಗೆ ಸರ್ಕಾರಿ ಬ್ಯಾಂಕೊಂದರಲ್ಲಿ ಆಫೀಸರ್ ಹುದ್ದೆಗೆ ಆಯ್ಕೆಯಾದ ಸುದ್ದಿ ಬಂತು. ಅವನಮ್ಮ ಅದೇ ಸಂಜೆ ದ್ವಾರಕಾದಿಂದ ಆರ್.ಕೆ. ಪುರಂ ತನಕ ಹೋಗಿ ಮಲೈ ಮಂದಿರದಲ್ಲಿ ಅರ್ಚನೆ ಮಾಡಿಸಿ ಬಂದಳು. ನಾನು ಶಿವಮೊಗ್ಗದ ಕಡೆಯ ನೆಂಟರಿಗೆಲ್ಲ ಫೋನ್ ಮಾಡಿದೆ. ಹುಡುಗ ಮಾತ್ರ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ರಾತ್ರಿ ಬಾಲ್ಕನಿಗೆ ಕರೆದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದವನು ಕೊನೆಗೆ ಬಾಯಿಬಿಟ್ಟ. "ಅಪ್ಪ, ಕಾಲೇಜಲ್ಲಿದ್ದಾಗ ಮೊಬೈಲ್ ತಗೊಳ್ಳೋಕೆ ಒಂದು ಆ್ಯಪ್‌ನಲ್ಲಿ ಸಾಲ ಮಾಡಿದ್ದೆ. ಕೊನೇ ಕಂತುಗಳನ್ನ ಕಟ್ಟಲೇ ಇಲ್ಲ. ಈಗ ಬಡ್ಡಿ ಸೇರಿ 11,000 ಆಗಿದೆ. ಸಿಬಿಲ್ ರಿಪೋರ್ಟ್‌ನಲ್ಲಿ ಕಾಣ್ತಿದೆ."

ಅವನು ಹೆದರಿದ್ದಕ್ಕೆ ಕಾರಣವಿತ್ತು. ಸಾಲವನ್ನೋ ಕ್ರೆಡಿಟ್ ಕಾರ್ಡ್ ಬಾಕಿಯನ್ನೋ ಕಟ್ಟದ ದಾಖಲೆ ಇದ್ದವರು ಅರ್ಹರಲ್ಲ ಎಂಬ ಷರತ್ತು ಕೆಲವು ಬ್ಯಾಂಕ್ ನೇಮಕಾತಿ ಪ್ರಕಟಣೆಗಳಲ್ಲಿ ಇದ್ದದ್ದುಂಟು. ಹೀಗೆ ನೇಮಕಾತಿ ಆದೇಶ ರದ್ದಾದ ಅಭ್ಯರ್ಥಿಯೊಬ್ಬರು ಮದ್ರಾಸ್ ಹೈಕೋರ್ಟಿಗೆ ಹೋಗಿದ್ದರು. ಸಾಲವೆಲ್ಲ ತೀರಿಸಿಯಾಗಿದೆ ಎಂಬುದು ಅವರ ವಾದ. 2025ರ ಜೂನ್‌ನಲ್ಲಿ ಕೋರ್ಟು ಬ್ಯಾಂಕಿನ ನಿರ್ಧಾರವನ್ನೇ ಎತ್ತಿಹಿಡಿಯಿತು. ಸಾರ್ವಜನಿಕರ ಹಣ ನಿಭಾಯಿಸುವವರಿಗೆ ಸ್ವಂತ ಹಣದಲ್ಲೂ ಶಿಸ್ತು ಇರಬೇಕು ಎಂಬುದು ಅದರ ಸಾರ. ಮಗ ಆ ಸುದ್ದಿಯನ್ನು ಹತ್ತು ಸಲ ಓದಿದ್ದ.

"ಮೊದಲೇ ಯಾಕೆ ಹೇಳಲಿಲ್ಲ?" ಅಂತ ಗದರಬೇಕೆಂದಿದ್ದೆ. ಬಾಯಿ ಬರಲಿಲ್ಲ. ಹದಿನೆಂಟು ವರ್ಷದ ಹಿಂದೆ ಬೀರುವಿನಲ್ಲಿ, ಇಸ್ತ್ರಿ ಮಾಡಿದ ಪಂಚೆಯ ಕೆಳಗೆ ಬಚ್ಚಿಟ್ಟಿದ್ದ ಒಂದು ಲಕೋಟೆ ನೆನಪಾಯಿತು.

ನಾನು 1988ರಲ್ಲಿ ದೆಹಲಿಗೆ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದವನು. ಊರಿಗೆ 'ದಿಲ್ಲಿ ಆಫೀಸರ್'. 2003ರಲ್ಲಿ ಅಪ್ಪನ ಕಿಡ್ನಿ ಕೈಕೊಟ್ಟಿತು, ಮರುವರ್ಷ ತಂಗಿಯ ಮದುವೆ. ಕಚೇರಿಯ ಸೊಸೈಟಿ ಸಾಲ, ಒಂದು ಪರ್ಸನಲ್ ಲೋನ್, ಎರಡು ಕ್ರೆಡಿಟ್ ಕಾರ್ಡು ಎಲ್ಲ ಸೇರಿ ಬೆಟ್ಟವಾಯಿತು. ಒಂದು ಕಾರ್ಡಿನಿಂದ ತೆಗೆದು ಇನ್ನೊಂದಕ್ಕೆ ಕಟ್ಟುತ್ತಿದ್ದೆ. ಒಂದು ದಿನ ಅದೂ ನಿಂತಿತು. 2007ರಲ್ಲಿ ಕೋರ್ಟಿನ ಸಮನ್ಸ್ ಬಂತು.

ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು ಸಾಲದ ಬಗ್ಗೆಯೇ ಇದೆ. ನೌಕರನು ಸದಾ ಸಾಲದಲ್ಲೇ ಮುಳುಗಿರದಂತೆ ತನ್ನ ವ್ಯವಹಾರ ನೋಡಿಕೊಳ್ಳಬೇಕು. ಸಾಲ ವಸೂಲಿಗೆ ಅವನ ಮೇಲೆ ಕೇಸು ಬಿದ್ದರೆ ಕೂಡಲೇ ಪೂರ್ತಿ ವಿವರವನ್ನು ಸರ್ಕಾರಕ್ಕೆ ತಿಳಿಸಬೇಕು. ಈ ನಿಯಮ ನನಗೆ ಗೊತ್ತಿತ್ತು. ಬೇರೆಯವರ ಫೈಲುಗಳಲ್ಲಿ ನಾನೇ ಅದನ್ನು ಟೈಪ್ ಮಾಡಿದ್ದೆ. ಆದರೂ ಎರಡು ತಿಂಗಳು ಸಮನ್ಸ್ ಪಂಚೆಯ ಕೆಳಗೇ ಇತ್ತು. ಅದೇ ಹೊತ್ತಿಗೆ ಗೋಪ್ಯ ಕಡತಗಳ ಶಾಖೆಗೆ ನನ್ನ ಹೆಸರು ಹೋಗಿತ್ತು. ಅಲ್ಲಿಗೆ ಹೋದರೆ ಬಡ್ತಿಯ ದಾರಿ ಸುಗಮ. ವಿಜಿಲೆನ್ಸ್ ಕ್ಲಿಯರೆನ್ಸ್ ಒಂದು ಬಾಕಿ.

ನಮ್ಮ ಕಚೇರಿಯಲ್ಲಿ ಧಾರವಾಡದ ಹಿರಿಯ ಅಧಿಕಾರಿಯೊಬ್ಬರಿದ್ದರು. ಎಲ್ಲರೂ ರಾಯರು ಅನ್ನುತ್ತಿದ್ದೆವು. ಒಂದು ಮಧ್ಯಾಹ್ನ ಕರೆದು, "ಯಾಕ ತಮ್ಮಾ, ಮಾರಿ ಸಣ್ಣ ಆಗೇದಲ್ಲ?" ಅಂದರು. ಆ ಒಂದು 'ತಮ್ಮಾ'ಕ್ಕೆ ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಪೂರ್ತಿ ಕೇಳಿ, "ಸಾಲ ಮಾಡಿದ್ದಕ್ಕ ಯಾರೂ ನಿನ್ನ ಗಲ್ಲಿಗೆ ಹಾಕಂಗಿಲ್ಲ. ಮುಚ್ಚಿಟ್ಟಿ ನೋಡು, ಅದು ಖರೇ ತಪ್ಪು. ನಾಳೆ ಸೀಕ್ರೆಟ್ ಫೈಲು ನಿನ್ನ ಕೈಯಾಗ ಇರ್ತಾವ. ಯಾವನರ ಬಂದು 'ಒಂದು ಹಾಳಿ ತೋರ್ಸು, ನಿನ್ನ ಸಾಲ ನಾ ತೀರಸ್ತೀನಿ' ಅಂದ್ರ ಏನ್ ಮಾಡ್ತಿ?" ಅಂದರು.

"ನಾನು ಅಂಥವನಲ್ಲ ಸರ್" ಅಂದೆ.

"ಗೊತ್ತದ. ಆದ್ರ ಅದನ್ನ ಕಾಗದದ ಮ್ಯಾಲೆ ಹೆಂಗ ತೋರಸ್ತಿ?"

ಅವರು ಹೇಳಿದ್ದು ಬರೀ ಊಹೆಯಲ್ಲ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರಲು ಶುರುಮಾಡಿದ. ತನ್ನನ್ನು ಅದಕ್ಕೆ ತಳ್ಳಿದ್ದು ಸಾಲ ಎಂದು ಅವನೇ ಹೇಳಿಕೊಂಡ. ಸಿಕ್ಕಿಬಿದ್ದದ್ದು 1994ರಲ್ಲಿ. ಅಲ್ಲಿ ರಹಸ್ಯ ದಾಖಲೆ ನೋಡುವ ಅನುಮತಿ ಕೊಡುವ ಮುನ್ನ ಪರಿಶೀಲಿಸುವ 13 ಅಂಶಗಳಲ್ಲಿ ಹಣಕಾಸಿನ ಸ್ಥಿತಿಯೂ ಒಂದು. ಆದರೆ ಸಾಲವಿದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಕಾಯಿಲೆ, ಕೆಲಸ ಹೋದದ್ದು, ವಿಚ್ಛೇದನ ಇಂಥ ಕೈಮೀರಿದ ಕಾರಣಕ್ಕೆ ಆದ ಸಾಲವೇ, ತೀರಿಸಲು ಪ್ರಾಮಾಣಿಕವಾಗಿ ಪ್ರಯತ್ನ ಮಾಡಿದ್ದಾನೆಯೇ ಎಂದು ನೋಡುತ್ತಾರೆ.

ನಮ್ಮ 17ನೇ ನಿಯಮವೂ ಹೆಚ್ಚುಕಡಿಮೆ ಅದನ್ನೇ ಕೇಳುತ್ತದೆ. ಸಾಲ ಆದದ್ದು ಕೈಮೀರಿದ ಕಾರಣಕ್ಕೆ, ದುಂದುವೆಚ್ಚದಿಂದಲ್ಲ ಎಂದು ಸಾಬೀತು ಮಾಡುವ ಹೊಣೆ ನೌಕರನದೇ. ಅಂದು ರಾತ್ರಿ ಹೆಂಡತಿಯ ಮುಂದೆ ಲಕೋಟೆ ಇಟ್ಟೆ. ಅವಳು ಓದಿ, "ಇಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ರಾ?" ಅಂದಳು, ಅಷ್ಟೆ. ಇಬ್ಬರೂ ಲೆಕ್ಕ ಬರೆಯಲು ಕೂತೆವು. ಒಟ್ಟು 3,20,000. ಅಪ್ಪನ ಚಿಕಿತ್ಸೆಗೆ ಹೋದದ್ದು 1,30,000. ಮಿಕ್ಕಿದ್ದು ಮದುವೆಗೆ.

ಪೆನ್ನು ಅಲ್ಲಿ ನಿಂತಿತು. ಅಪ್ಪನ ಕಿಡ್ನಿ ನನ್ನ ಕೈಮೀರಿದ್ದು, ನಿಜ. 600 ಜನರ ಊಟ, ಎರಡು ದಿನದ ಛತ್ರ? ಗಂಡಿನ ಕಡೆಯವರು ಕೇಳಿರಲಿಲ್ಲ. 'ದಿಲ್ಲಿ ಆಫೀಸರ್' ತಂಗಿಯ ಮದುವೆ ಸಣ್ಣದಾಗಬಾರದು ಅಂತ ಹಟ ಹಿಡಿದವನು ನಾನು. ಎಲ್ಲವನ್ನೂ ಅಪ್ಪನ ಕಾಯಿಲೆಯ ಲೆಕ್ಕಕ್ಕೆ ಬರೆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬರೆಯಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದು, ತಿಂಗಳಿಗಿಷ್ಟು ಕಟ್ಟುತ್ತೇನೆ ಎಂಬ ಪಟ್ಟಿ ಸೇರಿಸಿ ಮರುದಿನ ಕೊಟ್ಟೆ.

ಗೋಪ್ಯ ಶಾಖೆ ತಪ್ಪಿಹೋಯಿತು. ತಡವಾಗಿ ತಿಳಿಸಿದ್ದಕ್ಕೆ ಎಚ್ಚರಿಕೆಯ ಮೆಮೊ ಬಂತು. ನನ್ನ ಜಾಗಕ್ಕೆ ಹೋದವನು ನನಗಿಂತ ಮೊದಲು ಬಡ್ತಿ ಪಡೆದ. ಸುಳ್ಳು ಹೇಳುವುದಿಲ್ಲ, ಹೊಟ್ಟೆ ಉರಿದಿತ್ತು. ಆದರೆ ಕೆಲಸ ಉಳಿಯಿತು. ಬಾಗಿಲ ಗಂಟೆ ಬಾರಿಸಿದರೆ ಎದೆ ಹೊಡೆದುಕೊಳ್ಳುವುದು ನಿಂತಿತು. ಸಾಲ ತೀರಲು ಇನ್ನೂ ಐದು ವರ್ಷ ಹಿಡಿಯಿತು.

ಊರು ಬಿಟ್ಟು ಬಂದ ನಮಗೆ ಊರಿನವರ ಕಣ್ಣಲ್ಲಿ ಸಣ್ಣವರಾಗುವ ಭಯ ಜಾಸ್ತಿ. ಸಾಲ ಮಾಡಿಸುವುದೂ ಅದೇ ಭಯ, ಮುಚ್ಚಿಡಿಸುವುದೂ ಅದೇ. ಇದನ್ನೆಲ್ಲ ಬಾಲ್ಕನಿಯಲ್ಲಿ ಮಗನಿಗೆ ಮೊದಲ ಸಲ ಹೇಳಿದೆ. ಅವನು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದ.

ಮರುದಿನ ಬಾಕಿ ಕಟ್ಟಿದೆವು. ಕಂಪನಿಯವರು 8,000ಕ್ಕೆ ಸೆಟ್ಲ್ ಮಾಡೋಣ ಅಂದರು, ನಾವು ಒಪ್ಪಲಿಲ್ಲ. ಹಾಗೆ ಮಾಡಿದರೆ ರಿಪೋರ್ಟಿನಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದು ಬರುತ್ತದೆ, ಅದೂ ಒಂದು ಕಪ್ಪುಚುಕ್ಕೆಯೇ. ಪೂರ್ತಿ ಕಟ್ಟಿ, ಬಾಕಿ ಇಲ್ಲವೆಂಬ ಪತ್ರ ಪಡೆದೆವು. ನಿಮ್ಮ ಮನೆಯಲ್ಲೂ ಕೆಲಸ ಹುಡುಕುವ ಮಕ್ಕಳಿದ್ದರೆ ಒಮ್ಮೆ ರಿಪೋರ್ಟ್ ತೆಗೆಸಿ ನೋಡಿ. ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಆಮೇಲೆ ಮಗ ತಾನೇ ಕೂತು ಬ್ಯಾಂಕಿಗೆ ಪತ್ರ ಬರೆದ. ಕಾಲೇಜಿನ ಖರ್ಚು ಎಂದು ಬರೆಯಬಹುದಿತ್ತು. ಮೊಬೈಲಿಗೆ ಎಂದೇ ಬರೆದ.

ಉತ್ತರ ಇನ್ನೂ ಬಂದಿಲ್ಲ. ಏನು ಬರುತ್ತದೋ ಗೊತ್ತಿಲ್ಲ. ಹುಡುಗ ಮಾತ್ರ ಈಗ ಎರಡು ಹೊತ್ತೂ ಹೊಟ್ಟೆ ತುಂಬ ಊಟ ಮಾಡುತ್ತಿದ್ದಾನೆ.