ಭರತಪುರದಲ್ಲಿ ಬಿಸಿಲು ಕಾಯುವ ಹೆಬ್ಬಾವು

ಹೊತ್ತೇರಿದರೂ ಹಾಸಿಗೆ ಬಿಡದ ಮಗನನ್ನು ‘ಹೆಬ್ಬಾವಿನ ಹಾಗೆ ಬಿದ್ದುಕೊಂಡಿದ್ದೀಯಲ್ಲ’ ಎಂದು ಗದರಿಸದ ತಾಯಿ ವಿರಳ. ಆದರೆ ಹೆಬ್ಬಾವು ಹಾಗೆ ಬಿದ್ದುಕೊಳ್ಳುವುದು ಸೋಮಾರಿತನದಿಂದಲ್ಲ. ಇದನ್ನು ಕಣ್ಣಾರೆ ಕಾಣಬೇಕಾದರೆ ಚಳಿಗಾಲದಲ್ಲಿ ರಾಜಸ್ಥಾನದ ಭರತಪುರಕ್ಕೆ ಹೋಗಬೇಕು.

ಆಗ್ರಾದಿಂದ ಸುಮಾರು 55 ಕಿ.ಮೀ. ದೂರದ ಈ ಊರಿನ ಅಂಚಿನಲ್ಲೇ ಕೇವಲಾದೇವ ರಾಷ್ಟ್ರೀಯ ಉದ್ಯಾನವಿದೆ. ವಿಸ್ತೀರ್ಣ ಬರೀ 29 ಚದರ ಕಿ.ಮೀ. 1985ರಲ್ಲಿ ಇದು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿದ್ದು ಇಲ್ಲಿನ ನೀರುಹಕ್ಕಿಗಳಿಂದಾಗಿ. ಬಂದವರೆಲ್ಲ ಕತ್ತೆತ್ತಿ ಹಕ್ಕಿ ನೋಡುತ್ತಿದ್ದರೆ, ಅನುಭವಿ ಸೈಕಲ್ ರಿಕ್ಷಾದವನು ಒಣನೆಲದ ಬಿಲಗಳತ್ತ ಕೈ ತೋರಿಸುತ್ತಾನೆ. ಬಿಸಿಲು ಬಲಿತಂತೆ ಅಲ್ಲಿ ಮೂರು ಮೀಟರ್ ಉದ್ದದ ಹಾವು ಸುರುಳಿ ಸುತ್ತಿ ಮೈ ಕಾಯಿಸುತ್ತಿರುತ್ತದೆ.

ಬಿಲ ತೋಡಿದ್ದು ಹೆಬ್ಬಾವಲ್ಲ, ಮುಳ್ಳುಹಂದಿ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತೆಂಬ ಮಾತು ಎಲ್ಲರಿಗೂ ಗೊತ್ತು. ಇಲ್ಲಿ ಮಾತ್ರ ಮನೆ ಕಟ್ಟಿದವನು ಹೊರಬೀಳುವುದಿಲ್ಲ. ಒಂದೇ ಬಿಲದಲ್ಲಿ ಮುಳ್ಳುಹಂದಿ, ಹೆಬ್ಬಾವು, ಬಾವಲಿಗಳು ಕೂಡಿ ವಾಸಿಸುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಹೊರಗೆ ಕೊರೆಯುವ ಚಳಿಯಿರುವಾಗ ನೆಲದೊಳಗೆ ಅಷ್ಟು ತಂಪಿರುವುದಿಲ್ಲ. ಬೇಸಿಗೆಯ ಉರಿಯಲ್ಲಿ ಅದೇ ಬಿಲ ತಣ್ಣಗಿರುತ್ತದೆ.

ಹೆಬ್ಬಾವಿಗೆ ವಿಷವಿಲ್ಲ. ತುಟಿಯಂಚಿನ ಕುಳಿಗಳಿಂದ ಬೇಟೆಯ ಮೈಬಿಸಿಯನ್ನು ಗ್ರಹಿಸಿ, ಹಿಡಿದು, ಸುತ್ತಿ ಬಿಗಿದು, ಇಡಿಯಾಗಿ ನುಂಗುತ್ತದೆ. ಆದರೆ ನುಂಗಿದ್ದು ಅರಗಬೇಕಲ್ಲ! ನಮ್ಮಂತೆ ಸದಾ ಒಂದೇ ಬಿಸಿಯಲ್ಲಿರುವ ಮೈ ಅದರದಲ್ಲ. ಬಿಸಿಲಿಲ್ಲದೆ ಮೈ ತಣ್ಣಗಾದರೆ ಜೀರ್ಣಕ್ರಿಯೆಯೇ ನಿಧಾನವಾಗುತ್ತದೆ. ಹೊಟ್ಟೆಯ ಆಹಾರ ಕೊಳೆಯಲೂಬಹುದು. ಬಿದ್ದುಕೊಳ್ಳುವುದೇ ಅದರ ದುಡಿಮೆ.

ಇಂಥ ಪ್ರಾಣಿ ತಾಯಾದಾಗ ಮಾತ್ರ ಒಂದು ಬೆರಗು ನಡೆಯುತ್ತದೆ. ಬೇಸಿಗೆಯಲ್ಲಿ ಮೊಟ್ಟೆಯಿಟ್ಟ ಹೆಣ್ಣು ಅವುಗಳನ್ನು ಸುತ್ತಿಕೊಂಡು ಸುಮಾರು ಎರಡು ತಿಂಗಳು ಕಾವು ಕೊಡುತ್ತದೆ. ಸಾಮಾನ್ಯವಾಗಿ ಈ ಅವಧಿಯಲ್ಲಿ ಅದಕ್ಕೆ ಉಪವಾಸವೇ. ಮೊಟ್ಟೆ ತಣ್ಣಗಾದರೆ ಮಾಂಸಖಂಡಗಳನ್ನು ಅದುರಿಸಿ ತಾನೇ ಶಾಖ ಹುಟ್ಟಿಸುತ್ತದೆ. ಮರಿ ಹೊರಬಂದ ಮೇಲೆ ಅವು ತಮ್ಮ ದಾರಿ ತಾವೇ ನೋಡಿಕೊಳ್ಳುತ್ತವೆ.

ಚರ್ಮದ ಆಸೆಗೆ ಹೆಬ್ಬಾವುಗಳನ್ನು ಕೊಂದದ್ದಕ್ಕೆ ಲೆಕ್ಕವಿಲ್ಲ. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ ಅದಕ್ಕೆ ರಕ್ಷಣೆ ಕೊಟ್ಟಿದೆ. ಆದರೆ ಫೋಟೊದ ಆಸೆಗೆ ಬಿಲದ ಬಾಯಿಗೇ ಹೋಗಿ ನಿಲ್ಲುವವರನ್ನು ಕಾಯ್ದೆಯೊಂದೇ ತಡೆಯಲಾರದು. ಹೆಜ್ಜೆಯ ಅದುರು ತಾಕಿದರೆ ಸಾಕು, ಹಾವು ಒಳಗೆ ಸರಿಯುತ್ತದೆ. ಚಳಿಗಾಲದ ಗಿಡ್ಡ ಹಗಲಿನಲ್ಲಿ ಹಾಗೆ ಕಳೆದ ಬಿಸಿಲು ಆ ದಿನ ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ.

ಮಕ್ಕಳನ್ನು ಕರೆದೊಯ್ಯುವ ತಂದೆತಾಯಿ ಜೊತೆಗೊಂದು ದುರ್ಬೀನು ಒಯ್ದರೆ ಒಳ್ಳೆಯದು. ಭರತಪುರ ದೂರವೆನ್ನುವವರೂ ನಿರಾಶರಾಗಬೇಕಿಲ್ಲ. ಇದೇ ಜಾತಿಯ ಹೆಬ್ಬಾವು ಬಂಡೀಪುರ, ನಾಗರಹೊಳೆ ಕಾಡುಗಳಲ್ಲೂ ಇದೆ. ಒಮ್ಮೊಮ್ಮೆ ಹೊಲ ತೋಟಗಳಿಗೂ ಬರುತ್ತದೆ. ಅಂಥ ಹೊತ್ತಿನಲ್ಲಿ ದೊಣ್ಣೆ ಹುಡುಕುವ ಬದಲು ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿದರೆ ಸಾಕು.